ಹಿಂಸೆಗೆ ಬದಲಿ ದಾರಿ ಕಲಿಸುವ ಕ್ರೈಸ್ತ ಶಾಂತಿ ಕೋರ್ಸ್: ಸೇರಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಸೇರಿ. ಜಗಳದ ಮಧ್ಯೆ ನಿಂತು ಏನು ಮಾಡಬೇಕು ಅನ್ನುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಕಡೆ ನಾನು ಬೇರೆ ನೋಡಿಲ್ಲ. ಆದರೆ ಕ್ಷಮೆಯ ಬಗ್ಗೆ ಇರುವ ಭಾಗವನ್ನು ಮಾತ್ರ ಹುಷಾರಾಗಿ ನೋಡಿ, ಅಲ್ಲಿ ಒಂದು ದೊಡ್ಡ ಲೋಪ ಇದೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ಕೋರ್ಸ್ ಹೆಸರು ಹಾಕುತ್ತಿಲ್ಲ. ಯಾಕೆಂದರೆ ಚರ್ಚುಗಳು, ಸೆಮಿನರಿಗಳು, ಶಾಂತಿ ಸಂಸ್ಥೆಗಳು ನಡೆಸುವ ಇಂಥ ಆನ್‌ಲೈನ್ ಕೋರ್ಸ್‌ಗಳು ಈಗ ಸಾಕಷ್ಟಿವೆ, ಎಲ್ಲದರ ರೂಪ ಹೆಚ್ಚುಕಮ್ಮಿ ಒಂದೇ, ಹಾಗಾಗಿ ನಾನು ಹೊಗಳುವುದೂ ದೂರುವುದೂ ಬಹುತೇಕ ಎಲ್ಲಕ್ಕೂ ಸಲ್ಲುತ್ತದೆ. ವಿಡಿಯೊ ಪಾಠ, ಓದಲು ಕೊಡುವ ಪುಟಗಳು, ಮತ್ತೆ ಸಣ್ಣ ಗುಂಪಿನಲ್ಲಿ ಲೈವ್ ಅಭ್ಯಾಸ. ಮೊದಲ ಅರ್ಧ ಬೈಬಲ್ ಮತ್ತು ಚರಿತ್ರೆ. ಎರಡನೇ ಅರ್ಧ ಮಾಡಿ ಕಲಿಯುವ ಅಭ್ಯಾಸ.

ದೇವಶಾಸ್ತ್ರದ ಭಾಗ ಯೇಸುವಿನ ಪರ್ವತ ಪ್ರಸಂಗದಿಂದಲೇ ಶುರು. ಮತ್ತಾಯ 5ನೇ ಅಧ್ಯಾಯ, ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸು ಅನ್ನುವ ಮಾತು. ಇದನ್ನು ಕೇಳಿದ ತಕ್ಷಣ 'ಹಾಗಾದರೆ ಹೊಡೆಸಿಕೊಂಡು ಸುಮ್ನೆ ಇರಬೇಕಾ?' ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಕೋರ್ಸ್ ಆ ಪ್ರಶ್ನೆಯನ್ನೇ ಹಿಡಿದುಕೊಳ್ಳುತ್ತದೆ. ಅಮೆರಿಕದ ಬೈಬಲ್ ವಿದ್ವಾಂಸ ವಾಲ್ಟರ್ ವಿಂಕ್ ಕೊಟ್ಟ ವಿವರಣೆಯನ್ನು ಬಿಡಿಸಿ ಹೇಳುತ್ತಾರೆ. ಎದುರು ನಿಂತವನ ಬಲಗೆನ್ನೆಗೆ ಬಲಗೈಯಲ್ಲಿ ಹೊಡೆಯಬೇಕಾದರೆ ಅಂಗೈ ಆಗುವುದಿಲ್ಲ, ಹಿಂಗೈಯಿಂದಲೇ ಹೊಡೆಯಬೇಕು. ಅದು ಸರಿಸಮಾನರ ಹೊಡೆದಾಟ ಅಲ್ಲ, ಯಜಮಾನ ಆಳಿಗೆ ಕೊಡುವ ಏಟು. ಪೆಟ್ಟಿಗಿಂತ ಅವಮಾನವೇ ಅದರ ಉದ್ದೇಶ. ಹೊಡೆಸಿಕೊಂಡವನು ಎಡಗೆನ್ನೆ ತಿರುಗಿಸಿದರೆ ಹಿಂಗೈ ಏಟು ಮತ್ತೆ ಹಾಕಲು ಬರುವುದಿಲ್ಲ. ಹೊಡೆಯಲೇಬೇಕಿದ್ದರೆ ಸಮಾನನಿಗೆ ಹೊಡೆದ ಹಾಗೆ ಹೊಡೆಯಬೇಕು. ಅಂದರೆ ಓಡಿಹೋಗಲೂ ಇಲ್ಲ, ತಿರುಗಿ ಹೊಡೆಯಲೂ ಇಲ್ಲ, 'ನಾನು ನಿನ್ನ ಆಳಲ್ಲ' ಅಂತ ಮೈಯಲ್ಲೇ ಹೇಳಿದ ಹಾಗಾಯಿತು.

ಅಂಗಿಗಾಗಿ ಕೋರ್ಟಿಗೆ ಎಳೆದವನಿಗೆ ಮೇಲುಹೊದಿಕೆಯನ್ನೂ ಕೊಡು ಅನ್ನುವ ಮಾತೂ ಹಾಗೇ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸ್ ಕೊಡಬೇಕು, ಅದು ಬಿಟ್ಟರೆ ಅವನಿಗೆ ಹೊದ್ದು ಮಲಗಲು ಬೇರೆ ಇಲ್ಲ ಅಂತ ವಿಮೋಚನಕಾಂಡ 22ರಲ್ಲಿದೆ. ಅಂಗಿಗಾಗಿ ಕೋರ್ಟಿಗೆಳೆದ, ಸಾಲ ಕೊಟ್ಟವನ ಕೈಗೆ ಆ ಹೊದಿಕೆಯನ್ನೂ ಕೊಟ್ಟು ಬರಿಮೈಯಲ್ಲಿ ನಿಂತರೆ ಎಲ್ಲರೆದುರು ಮಾನ ಹೋಗುವುದು ಯಾರದು? ಇನ್ನು ಒಂದು ಮೈಲಿ ಹೊರು ಅಂತ ಬಲವಂತ ಮಾಡಿದ ರೋಮನ್ ಸೈನಿಕನ ಹೊರೆಯನ್ನು ಎರಡನೇ ಮೈಲಿಯೂ ಹೊರುವ ಮಾತು. ಅದನ್ನು ಪಾಠ ಮಾಡಿದವರು, ಕುರೇನೆಯ ಸೀಮೋನನಿಂದ ಯೇಸುವಿನ ಶಿಲುಬೆ ಹೊರಿಸಿದ್ದೂ ಇದೇ ಬಿಟ್ಟಿ ಕೆಲಸ ಅಂತ ತೋರಿಸಿಕೊಟ್ಟರು. ಇಷ್ಟು ದಿನ ಆ ಎರಡು ವಾಕ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ ಅನಿಸುತ್ತದೆ.

ಇಲ್ಲಿ ನನ್ನ ತಕರಾರು ಒಂದಿದೆ. ವಿಂಕ್ ಹೇಳಿದ್ದೇ ಕೊನೆಯ ಮಾತು ಅನ್ನುವ ಹಾಗೆ ಪಾಠ ನಡೆಯುತ್ತದೆ. ಲೂಕ 6:29 ತೆಗೆದು ನೋಡಿ. ಅಲ್ಲಿ 'ಬಲ' ಅನ್ನುವ ಮಾತೇ ಇಲ್ಲ, ಬರೀ ಕೆನ್ನೆ. ಬಟ್ಟೆಯ ಕ್ರಮವೂ ತಲೆಕೆಳಗು, ಮೊದಲು ಹೊದಿಕೆ ಕಿತ್ತುಕೊಳ್ಳುತ್ತಾರೆ, ಆಮೇಲೆ ಅಂಗಿ. ಕೋರ್ಟಿನ ಪ್ರಸ್ತಾಪವೂ ಇಲ್ಲ. ಹಿಂಗೈ ಏಟಿನ ವಿವರಣೆ ಇಲ್ಲಿ ಅಷ್ಟು ಸಲೀಸಾಗಿ ಕೂರುವುದಿಲ್ಲ. ಇದನ್ನು ಮುಚ್ಚಿಡುವ ಅಗತ್ಯ ಏನಿದೆ? ಎರಡನ್ನೂ ಮುಂದಿಟ್ಟು ಚರ್ಚೆ ಮಾಡಿಸಿದ್ದರೆ ಪಾಠ ಇನ್ನೂ ಗಟ್ಟಿಯಾಗುತ್ತಿತ್ತು. ವೈರಿಗಳನ್ನು ಪ್ರೀತಿಸಿರಿ ಅನ್ನುವ ಮಾತು ಎರಡೂ ಸುವಾರ್ತೆಗಳಲ್ಲಿ ಇದ್ದೇ ಇದೆ, ಅದು ವಿಂಕ್ ವಿವರಣೆಯ ಮೇಲೆ ನಿಂತಿಲ್ಲ.

ಚರಿತ್ರೆಯ ಪಾಠ ಓಡುತ್ತದೆ, ಓಡಲಿ ಬಿಡಿ, ಇದು ಇತಿಹಾಸದ ಕೋರ್ಸ್ ಅಲ್ಲ. ತನ್ನನ್ನು ಹಿಡಿಯಲು ಬಂದಾಗ ಗೆತ್ಸೇಮನೆ ತೋಟದಲ್ಲಿ ಶಿಷ್ಯ ಪೇತ್ರನ ಕತ್ತಿ ಕೆಳಗಿಡಿಸಿದಾಗಲೇ ಕ್ರಿಸ್ತನು ಪ್ರತಿಯೊಬ್ಬ ಸೈನಿಕನ ಕತ್ತಿಯನ್ನೂ ಕೆಳಗಿಡಿಸಿದ ಅಂತ ವಾದಿಸಿದ ಆರಂಭಕಾಲದ ಕ್ರೈಸ್ತ ಲೇಖಕ ತೆರ್ತುಲಿಯನ್, ಸೇನೆಗೆ ಸೇರುವುದಿಲ್ಲ ಎಂದು 295ರಲ್ಲಿ ತಲೆ ಕೊಟ್ಟ ಯುವಕ ಮ್ಯಾಕ್ಸಿಮಿಲಿಯನ್. ನಂತರ 313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಕ್ರೈಸ್ತ ಧರ್ಮಕ್ಕೆ ಮಾನ್ಯತೆ, ಅದಾದ ಎಷ್ಟೋ ವರ್ಷಕ್ಕೆ ಬಿಷಪ್ ಅಗಸ್ಟೀನನ 'ನ್ಯಾಯಯುದ್ಧ'ದ ವಿಚಾರ, ಅಂದರೆ ಕೆಲವು ಸಂದರ್ಭದಲ್ಲಿ ಯುದ್ಧವೂ ನ್ಯಾಯವೇ ಅನ್ನುವ ವಾದ. ಆಮೇಲೆ 1527ರ ಶ್ಲೈಟ್‌ಹೈಮ್ ನಂಬಿಕೆ ಪತ್ರ, ಅದರಲ್ಲಿ ಅನಾಬ್ಯಾಪ್ಟಿಸ್ಟರು (ದೊಡ್ಡವರಾಗಿ ನಂಬಿದ ಮೇಲೇ ದೀಕ್ಷಾಸ್ನಾನ ಅನ್ನುವ ಕ್ರೈಸ್ತರು) ಕತ್ತಿ ನಮಗೆ ಸಲ್ಲದು ಅಂತ ಬರೆದುಕೊಂಡರು. ಈ ಓಟದಲ್ಲಿ ಒಂದು ಕಡೆ ಮಾತ್ರ ನಿಲ್ಲುತ್ತಾರೆ, ಡಿರ್ಕ್ ವಿಲ್ಲೆಮ್ಸ್ ಹತ್ತಿರ. 1569ರಲ್ಲಿ ಹಾಲೆಂಡಿನಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ ಅನಾಬ್ಯಾಪ್ಟಿಸ್ಟ್. ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಮೇಲೆಳೆದ. ಅಲ್ಲೇ ಸಿಕ್ಕಿಬಿದ್ದ, ಜೀವಂತ ಸುಟ್ಟರು. ಇದನ್ನು ಹೇಳಿ ಮುಗಿಸಿದ ಮೇಲೆ ಪಾಠ ಮಾಡುವವರು 'ಎಂಥ ತ್ಯಾಗ' ಅಂತ ಹೊಗಳಿ ಮುಂದೆ ಹೋಗುವುದಿಲ್ಲ. ಅವನು ತಿರುಗಿದ್ದು ಯೋಚನೆ ಮಾಡಿ ಅಲ್ಲ, ಆ ಕ್ಷಣದಲ್ಲಿ ಯೋಚನೆಗೆ ಹೊತ್ತೇ ಇರಲಿಲ್ಲ, ವರ್ಷಗಟ್ಟಲೆ ಅವನ ಚರ್ಚಿನ ಸಭೆ ಅವನನ್ನು ಹಾಗೆ ರೂಢಿಸಿತ್ತು ಅನ್ನುತ್ತಾರೆ. ಇಡೀ ಕೋರ್ಸ್ ನಿಂತಿರುವುದು ಈ ಮಾತಿನ ಮೇಲೆ. ಶಾಂತಿ ಒಳ್ಳೆಯವರ ಸ್ವಭಾವ ಅಲ್ಲ, ರೂಢಿ ಮಾಡಿಕೊಳ್ಳಬೇಕಾದ ಕೆಲಸ.

ಜರ್ಮನಿಯ ಬೊನ್‌ಹೋಫರ್‌ಗೆ ಮಾತ್ರ ಅನ್ಯಾಯ ಮಾಡಿದ್ದಾರೆ. ಶಾಂತಿಯ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದ ಪಾದ್ರಿ ಹಿಟ್ಲರ್ ವಿರುದ್ಧದ ಸಂಚಿನವರ ಜೊತೆ ಸೇರಿದರು, 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಹಿಂಸೆ ಬೇಡ ಅನ್ನುವ ಯಾರೇ ಆಗಲಿ ಎದುರಿಸಲೇಬೇಕಾದ ಕಷ್ಟದ ಪ್ರಶ್ನೆ ಇದು. ಕೋರ್ಸಿನಲ್ಲಿ ಒಂದೇ ಸ್ಲೈಡ್. ನ್ಯಾಯಯುದ್ಧದ ಪರ ಇರುವವರ ವಾದವನ್ನೂ ಅವರ ಬಾಯಿಂದಲೇ ಕೇಳಿಸಬೇಕಿತ್ತು.

ಇನ್ನು ಎರಡನೇ ಅರ್ಧ. ಕೊಟ್ಟ ದುಡ್ಡು ವಸೂಲಾಗುವುದು ಇಲ್ಲಿ. ಹಿನ್ನೆಲೆಯಾಗಿ ಜೇಮ್ಸ್ ಲಾಸನ್ ಕಥೆ ಹೇಳುತ್ತಾರೆ. ಮೆಥಡಿಸ್ಟ್ ಮಿಷನರಿಯಾಗಿ ನಾಗಪುರದಲ್ಲಿ ಇದ್ದು, ಗಾಂಧೀಜಿಯ ಸತ್ಯಾಗ್ರಹವನ್ನು ಹತ್ತಿರದಿಂದ ಓದಿಕೊಂಡು ಅಮೆರಿಕಕ್ಕೆ ವಾಪಸ್ ಹೋದವರು. ನ್ಯಾಶ್‌ವಿಲ್‌ನ ಚರ್ಚಿನಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ, ಒಬ್ಬರಿಗೊಬ್ಬರು ಬೈದು, ತಳ್ಳಿ, ಕುರ್ಚಿಯಿಂದ ಎಳೆದು ಅಭ್ಯಾಸ ಮಾಡಿಸಿದರು. 1960ರಲ್ಲಿ, ಕಪ್ಪು ಜನರಿಗೆ ಕೂರಲು ಬಿಡದ ಹೋಟೆಲ್ ಕೌಂಟರ್‌ಗಳಲ್ಲಿ ಧರಣಿ ಕೂತು, ಏಟು ತಿಂದರೂ ಕೈ ಎತ್ತದೆ ಇದ್ದದ್ದು ಇದೇ ಹುಡುಗ ಹುಡುಗಿಯರು. ಹಾಗೇ 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನ್ ಹೇವನ್ ಜೈಲಿನ ಕೈದಿಗಳೇ ಕ್ವೇಕರರನ್ನು (ಯುದ್ಧ ಒಪ್ಪದ ಒಂದು ಕ್ರೈಸ್ತ ಪಂಗಡ) ಕರೆದು ಶುರು ಮಾಡಿಸಿದ, ಹಿಂಸೆಗೆ ಬದಲಿ ದಾರಿ ಕಲಿಸುವ ಕಮ್ಮಟಗಳ ವಿಷಯವೂ ಬರುತ್ತದೆ. ಈಗ ಅವು ಎಷ್ಟೋ ದೇಶಗಳಲ್ಲಿ ನಡೆಯುತ್ತಿವೆ.

ಅಭ್ಯಾಸ ಹೇಗಿರುತ್ತದೆ ಅಂದರೆ, ಗುಂಪಿನಲ್ಲಿ ಇಬ್ಬರಿಗೆ ಒಂದು ಜಗಳ ಕೊಡುತ್ತಾರೆ. ನಮಗೆ ಬಂದದ್ದು ಇದು: ಸಭೆಯ ಖಜಾಂಚಿ ಲೆಕ್ಕ ತೋರಿಸುತ್ತಿಲ್ಲ ಅಂತ ಒಬ್ಬ ಸದಸ್ಯೆ ಎಲ್ಲರೆದುರು ಹೇಳಿದ್ದಾರೆ, ಖಜಾಂಚಿಗೆ ಅವಮಾನವಾಗಿದೆ. ಮೂರನೆಯವರು ಮಧ್ಯಸ್ಥರು. ನಿಯಮ ಒಂದೇ. ನಿಮ್ಮ ಉತ್ತರ ಹೇಳುವ ಮುಂಚೆ ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಬೇಕು, ಅವರು 'ಹೌದು, ಅದೇ' ಅನ್ನುವವರೆಗೆ ಮುಂದೆ ಹೋಗುವ ಹಾಗಿಲ್ಲ. ಕೇಳಲು ಸುಲಭ. ಖಜಾಂಚಿಯ ಪಾತ್ರ ಮಾಡಿದವರು 'ನೀವು ನನ್ನನ್ನು ಕಳ್ಳ ಅಂದಿರಿ' ಅಂತ ಶುರು ಮಾಡಿದರು. 'ಅಲ್ಲ, ಲೆಕ್ಕ ಕೇಳಿದೆ' ಅಂದರು ಆಕೆ. ಮತ್ತೆ ಪ್ರಯತ್ನ: 'ನನ್ನ ಮೇಲೆ ನಂಬಿಕೆ ಇಲ್ಲ ಅಂದಿರಿ.' 'ಅದೂ ಅಲ್ಲ.' ಮೂರನೇ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದು, 'ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ನಿಮಗೆ ಗೊತ್ತಾಗುತ್ತಿಲ್ಲ, ಕೇಳಲು ನಿಮಗೆ ಬೇರೆ ಜಾಗವೂ ಇರಲಿಲ್ಲ' ಅಂದರು. 'ಹೌದು, ಅದೇ.' ನಟನೆ ಅಂತ ಇಬ್ಬರಿಗೂ ಗೊತ್ತಿತ್ತು, ಆದರೂ ಇಬ್ಬರ ದನಿಯೂ ತಗ್ಗಿತು. ಅಲ್ಲಿಂದ ಮಾತು ವ್ಯಕ್ತಿಯನ್ನು ಬಿಟ್ಟು ಲೆಕ್ಕ ಒಪ್ಪಿಸುವ ಪದ್ಧತಿಯ ಕಡೆ ಹೊರಳಿತು. ಮಧ್ಯಸ್ಥರು ಒಂದೇ ಒಂದು ಉಪದೇಶ ಮಾಡಲಿಲ್ಲ, ಅವರಿಗೆ ಹಾಗೆ ಮಾಡಲು ಅವಕಾಶವೂ ಇರಲಿಲ್ಲ.

ಇನ್ನೊಂದು ಅಭ್ಯಾಸ ಕೀರ್ತನೆ 85ರದ್ದು. ಕರುಣೆ ಮತ್ತು ಸತ್ಯ ಕೂಡಿಬರುತ್ತವೆ, ನ್ಯಾಯ ಮತ್ತು ಶಾಂತಿ ಮುದ್ದಿಡುತ್ತವೆ ಅನ್ನುವ ಅರ್ಥದ ವಚನ. ಮೆನೊನೈಟ್ (ಅನಾಬ್ಯಾಪ್ಟಿಸ್ಟರಿಂದ ಬೆಳೆದ ಪಂಗಡ) ಮಧ್ಯಸ್ಥ ಜಾನ್ ಪಾಲ್ ಲೆಡರಾಕ್ 1980ರ ದಶಕದಲ್ಲಿ ನಿಕರಾಗುವಾದ ಸಂಧಾನದಲ್ಲಿ ಕೆಲಸ ಮಾಡುವಾಗ ಊರಿನ ಸಭೆಗಳಲ್ಲಿ ಇದನ್ನು ಓದುವುದನ್ನು ಕೇಳಿ, ಆಮೇಲೆ ಒಂದು ಅಭ್ಯಾಸವಾಗಿ ಬೆಳೆಸಿದರು. ನಾಲ್ಕು ಜನ ನಾಲ್ಕು ಪಾತ್ರ: ಸತ್ಯ, ಕರುಣೆ, ನ್ಯಾಯ, ಶಾಂತಿ. ಒಂದು ನಿಜವಾದ ಜಗಳವನ್ನು ಮುಂದಿಟ್ಟು, ನಿಮಗೇನು ಬೇಕು, ನಿಮಗೆ ಯಾರ ಭಯ ಅಂತ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ನನಗೆ ಸತ್ಯದ ಪಾತ್ರ ಬಂತು. ಕರುಣೆಯ ಪಾತ್ರದವರು 'ಆದದ್ದಾಯಿತು, ಮುಂದೆ ನೋಡೋಣ' ಅಂದಾಗ ನನಗೆ ಬಂದ ಸಿಟ್ಟು ನಟನೆಯದ್ದಲ್ಲ. ಆಗ ನ್ಯಾಯದ ಪಾತ್ರದವರು ಮಧ್ಯೆ ಬಂದು, ಕಳೆದುಕೊಂಡವರಿಗೆ ಏನು ವಾಪಸ್ ಸಿಗುತ್ತದೆ ಅಂತ ಮೊದಲು ಹೇಳಿ ಅಂದರು. ಈ ಒಂದು ಅಭ್ಯಾಸಕ್ಕೇ ಕೋರ್ಸ್ ಸೇರಬಹುದು, ನಿಜವಾಗಿಯೂ.

ಉದಾಹರಣೆಗಳ ಆಯ್ಕೆಯೂ ಚೆನ್ನಾಗಿದೆ. ಕೆನಡಾದ ಎಲ್ಮೀರಾ, 1974. ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಕಿಟಕಿ, ಕಾರು ಅಂತ ಸಿಕ್ಕಿದ್ದನ್ನೆಲ್ಲ ಹಾಳು ಮಾಡಿದ್ದರು. ಪ್ರೊಬೇಷನ್ ಅಧಿಕಾರಿಯೊಬ್ಬರು, ಅವರೂ ಮೆನೊನೈಟ್, ಈ ಹುಡುಗರು ಮನೆ ಮನೆಗೆ ಹೋಗಿ ನಷ್ಟವಾದವರನ್ನು ನೇರ ಭೇಟಿಯಾಗಲಿ ಅಂತ ನ್ಯಾಯಾಧೀಶರಿಗೆ ಸೂಚಿಸಿದರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಒಂದೊಂದೇ ಬಾಗಿಲು ತಟ್ಟಿದರು, ಎಷ್ಟು ನಷ್ಟ ಅಂತ ಕೇಳಿ ಬರೆದುಕೊಂಡರು, ಕೆಲವು ತಿಂಗಳಲ್ಲಿ ಹಣ ತೀರಿಸಿದರು. ಅಪರಾಧಿ ಮತ್ತು ಸಂತ್ರಸ್ತರನ್ನು ಎದುರುಬದುರು ಕೂರಿಸುವ ಇಂದಿನ ಕಾರ್ಯಕ್ರಮಗಳಿಗೆ ದಾರಿ ಮಾಡಿದ್ದು ಆ ಪ್ರಯೋಗ.

ಮೊಜಾಂಬಿಕ್ ಪಾಠವನ್ನು ನಾನು ಎರಡು ಸಲ ನೋಡಿದೆ. ಅಲ್ಲಿನ ಅಂತರ್ಯುದ್ಧ ನಿಲ್ಲಿಸುವ ಮಾತುಕತೆ 1990ರಿಂದ 1992ರವರೆಗೆ ರೋಮ್‌ನಲ್ಲಿ ನಡೆಯಿತು. ನಡೆಸಿಕೊಟ್ಟದ್ದು ಸಾಂತ್ ಎಜಿದಿಯೊ ಅನ್ನುವ ಕಥೋಲಿಕ ಸಮುದಾಯ. 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಬಂದೂಕುಗಳು ಮನೆಗಳಲ್ಲಿ, ಮಣ್ಣಿನಡಿಯಲ್ಲಿ ಉಳಿದಿದ್ದವು. 1995ರಲ್ಲಿ ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಮತ್ತು ಅಲ್ಲಿನ ಕ್ರೈಸ್ತ ಮಂಡಳಿ ಬಂದೂಕು ತಂದುಕೊಟ್ಟವರಿಗೆ ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ ಕೊಡುವ ಯೋಜನೆ ಶುರು ಮಾಡಿದರು. ಕತ್ತಿಗಳನ್ನು ಕುಲುಮೆಗೆ ಹಾಕಿ ಗುಳ ಮಾಡುವರು ಅಂತ ಯೆಶಾಯ 2ರಲ್ಲಿ ಇರುವುದನ್ನು ಅಕ್ಷರಶಃ ಮಾಡಿ ತೋರಿಸಿದರು. ಮುರಿದ ಬಂದೂಕುಗಳಿಂದ ಕಲಾವಿದರು ಶಿಲ್ಪ ಮಾಡಿದರು. 2001ರಲ್ಲಿ ಮಾಡಿದ ಒಂದು ಕುರ್ಚಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಪಾಠದಲ್ಲಿ ಆ ಕುರ್ಚಿಯನ್ನು ದೊಡ್ಡದಾಗಿ ತೋರಿಸಿ, ಯಾವ ಭಾಗ ಯಾವ ಬಂದೂಕಿನದು ಅಂತ ಗುರುತಿಸುತ್ತಾರೆ. ಹೊಲಿಗೆ ಯಂತ್ರ ಕೊಟ್ಟದ್ದು ಯಾಕೆ ಮುಖ್ಯ ಅನ್ನುವುದನ್ನೂ ಬಿಡಲಿಲ್ಲ: ಬಂದೂಕು ಹಿಡಿದು ಹೊಟ್ಟೆ ಹೊರೆದವನಿಗೆ ಮರುದಿನದ ಅನ್ನಕ್ಕೆ ಬೇರೆ ದಾರಿ ಬೇಕು.

ಲೈಬೀರಿಯಾದ ಅಂತರ್ಯುದ್ಧವೂ ಇದೆ. 2003ರಲ್ಲಿ ಲೇಮಾ ಗ್ಬೋವಿ ಅವರ ನಾಯಕತ್ವದಲ್ಲಿ ಚರ್ಚಿನ ಹೆಂಗಸರೂ ಮುಸ್ಲಿಂ ಹೆಂಗಸರೂ ಬಿಳಿ ಬಟ್ಟೆ ತೊಟ್ಟು ದಿನಾ ಬಂದು ಕೂತರು. ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡುತ್ತಿದ್ದಾಗ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದ ಆಗದೆ ಯಾರೂ ಹೊರಗೆ ಹೋಗುವ ಹಾಗಿಲ್ಲ ಅಂದರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಶಾಂತಿ ಅಂದರೆ ಮೆದುವಾಗಿರುವುದು ಅಂದುಕೊಂಡವರು ಈ ಪಾಠ ನೋಡಲೇಬೇಕು.

ನಮ್ಮ ಕಡೆಯ ಉದಾಹರಣೆ ಮಾತ್ರ ಒಂದೂ ಇಲ್ಲ. 1964ರಲ್ಲಿ ನಾಗಾ ಬ್ಯಾಪ್ಟಿಸ್ಟ್ ಸಭೆಗಳು ಮುಂದೆ ಬಂದು ಜಯಪ್ರಕಾಶ ನಾರಾಯಣ, ಬಿಮಲ ಪ್ರಸಾದ್ ಚಾಲಿಹಾ, ಪಾದ್ರಿ ಮೈಕೆಲ್ ಸ್ಕಾಟ್ ಇದ್ದ ಶಾಂತಿ ನಿಯೋಗಕ್ಕೆ ದಾರಿ ಮಾಡಿದ್ದವು, ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವೆ ಕದನವಿರಾಮವೂ ಬಂತು. ಒಬ್ಬ ಸರ್ವೋದಯದವ, ಒಬ್ಬ ಮುಖ್ಯಮಂತ್ರಿ, ಒಬ್ಬ ಪಾದ್ರಿ, ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಸೇರಿಸಲಿ ಅಂತ ಬರೆದು ಕಳಿಸಿದ್ದೇನೆ.

ಈಗ ಆ ಲೋಪ. ಕ್ಷಮೆ ಮತ್ತು ರಾಜಿಯ ಭಾಗದಲ್ಲಿ ಮತ್ತಾಯ 18:15-17ನ್ನು ಮಾದರಿಯಾಗಿ ಕೊಡುತ್ತಾರೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ಖಜಾಂಚಿಯ ಜಗಳಕ್ಕೆ ಇದು ಸರಿ. ಆದರೆ ಹೊಡೆಯುವ ಗಂಡನ ಹತ್ತಿರ ಹೆಂಡತಿ ಒಬ್ಬಳೇ ಹೋಗಬೇಕಾ? ಮೈಮೇಲೆ ಕೈಹಾಕಿದ ಸಭಾಪಾಲಕನ ಕೋಣೆಗೆ ಹುಡುಗಿ ಒಬ್ಬಳೇ ಹೋಗಬೇಕಾ? ಬಲಾಬಲ ಸಮ ಇಲ್ಲದ ಕಡೆ ಈ ಮೊದಲ ಹೆಜ್ಜೆಯೇ ಅಪಾಯ. ಅಂಥ ಕಡೆ ಮೊದಲು ಅವರ ಸುರಕ್ಷತೆ, ಆಮೇಲೆ ಕಾನೂನು, ರಾಜಿಯ ಮಾತು ಬೇಕಿದ್ದರೆ ಎಷ್ಟೋ ಆಮೇಲೆ, ಅದೂ ನೊಂದವರು ತಾವಾಗಿ ಬಯಸಿದರೆ ಮಾತ್ರ. ಇದನ್ನು ಕೋರ್ಸ್ ಒಂದು ಸಾಲಿನಲ್ಲಿ ಹೇಳಿ ದಾಟಿಬಿಡುತ್ತದೆ. ಗುಂಪಿನಲ್ಲಿ ಒಬ್ಬರು ಇದೇ ಪ್ರಶ್ನೆ ಎತ್ತಿದಾಗ ನಡೆಸಿಕೊಡುತ್ತಿದ್ದವರು 'ಪ್ರಾರ್ಥನೆಯಲ್ಲಿ ಇಡೋಣ' ಅಂತ ಮುಂದೆ ಹೋದರು. ಪ್ರಾರ್ಥನೆ ಬೇಡ ಅಂತಲ್ಲ. ಆ ಪ್ರಶ್ನೆಗೆ ಉತ್ತರ ಬೇಕಿತ್ತು.

ಇದು ಬರೀ ಊಹೆಯ ಭಯ ಅಲ್ಲ, ನಡೆದ ಚರಿತ್ರೆ. ಕೋರ್ಸಿನ ಓದುವ ಪಟ್ಟಿಯಲ್ಲಿ ಮೆನೊನೈಟ್ ದೇವಶಾಸ್ತ್ರಜ್ಞ ಜಾನ್ ಹೊವರ್ಡ್ ಯೋಡರ್ ಮೇಲುಸಾಲಿನಲ್ಲಿದ್ದಾರೆ. 1972ರ ಅವರ ಪುಸ್ತಕ ಕ್ರೈಸ್ತ ಅಹಿಂಸೆಯ ಚಿಂತನೆಯನ್ನೇ ಬದಲಿಸಿತು, ನಿಜ. ಅದೇ ಯೋಡರ್ ವರ್ಷಗಟ್ಟಲೆ ನೂರಕ್ಕೂ ಹೆಚ್ಚು ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ದಾಖಲಾಗಿದೆ. ದೂರು ಬಂದಾಗ, ಆರೋಪಿಸಿದವರು ತನ್ನೆದುರೇ ಬಂದು ಹೇಳಲಿ ಅಂತ ಅವರು ಹಿಡಿದದ್ದು ಇದೇ ಮತ್ತಾಯ 18ನ್ನು. ಅವರಿದ್ದ ಸೆಮಿನರಿ ಸಾರ್ವಜನಿಕವಾಗಿ ತಪ್ಪೊಪ್ಪಿಕೊಂಡದ್ದು 2015ರಲ್ಲಿ, ಅವರು ತೀರಿಕೊಂಡು 17 ವರ್ಷ ಆದಮೇಲೆ. ಇದನ್ನೆಲ್ಲ ಒಂದು ಪುಟದಲ್ಲಿ ಹೇಳಿ ಆಮೇಲೆ ಓದಿಸಬಹುದಿತ್ತು. ಏನೂ ಹೇಳದೆ ಓದಿಸುವುದು ಸರಿಯಲ್ಲ. ಶಾಂತಿಯ ಬಗ್ಗೆ ಪಾಠ ಹೇಳುವವರು ಆ ಹೆಂಗಸರ ವಿಷಯದಲ್ಲಿ ಮೌನವಾಗಿದ್ದರೆ ಕೀರ್ತನೆ 85ರ ಅಭ್ಯಾಸದಲ್ಲಿ ಸತ್ಯದ ಕುರ್ಚಿ ಖಾಲಿ ಬಿಟ್ಟ ಹಾಗೆ.

ದಕ್ಷಿಣ ಆಫ್ರಿಕಾದ ಪಾಠದಲ್ಲೂ ಇದೇ ಅವಸರ. ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ, ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗದ ಕಣ್ಣೀರು, ಅಪ್ಪುಗೆ ಎಲ್ಲ ತೋರಿಸಿದರು. ಆಯೋಗ ಶಿಫಾರಸು ಮಾಡಿದ ಪರಿಹಾರ ಏನಾಯಿತು ಅಂತ ಹೇಳಲಿಲ್ಲ. 2003ರಲ್ಲಿ ಸರ್ಕಾರ ನೊಂದವರಿಗೆ ಒಂದೇ ಸಲಕ್ಕೆ ತಲಾ 30,000 ರ‍್ಯಾಂಡ್ ಘೋಷಿಸಿ ಕೈತೊಳೆದುಕೊಂಡಿತು, ಆಯೋಗ ಕೇಳಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಹೇಳಿಕೆ ಕೊಟ್ಟವರಲ್ಲಿ ಎಷ್ಟೋ ಜನರಿಗೆ ಆ ನೋವು ಇನ್ನೂ ಇದೆ.

ಉಳಿದ ವಿಷಯ ಬೇಗ ಮುಗಿಸುತ್ತೇನೆ. ವಿಡಿಯೊಗಳ ಧ್ವನಿ ಚೆನ್ನಾಗಿದೆ, ಸಬ್‌ಟೈಟಲ್ ಇವೆ. ಓದುವ ಪುಟಗಳು ಸ್ವಲ್ಪ ಜಾಸ್ತಿ, ಅರ್ಧ ಬಿಟ್ಟರೂ ನಡೆಯುತ್ತದೆ. ಲೈವ್ ಅಭ್ಯಾಸವನ್ನು ಮಾತ್ರ ತಪ್ಪಿಸಬೇಡಿ, ಅದರ ರೆಕಾರ್ಡಿಂಗ್ ನೋಡಿದರೆ ಏನೂ ಪ್ರಯೋಜನ ಇಲ್ಲ. ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ಇಟ್ಟುಕೊಂಡು ನಾಳೆಯೇ ಮಧ್ಯಸ್ಥಿಕೆಗೆ ಹೊರಡಬೇಡಿ, ಮೊದಲು ಅನುಭವಿಗಳ ಜೊತೆ ಕೂತು ನೋಡಿ.

ಯಾರಿಗೆ ಇದು? ಸಭಾಪಾಲಕರಿಗೆ, ಯುವಜನರ ಗುಂಪು ನಡೆಸುವವರಿಗೆ, ಶಾಲೆ, ಸಂಘ, ಕಾಲೊನಿ ಅಂತ ಎಲ್ಲೇ ಆಗಲಿ ಜಗಳದ ಮಧ್ಯೆ ಸಿಕ್ಕಿಕೊಳ್ಳುವವರಿಗೆ. ಕ್ರೈಸ್ತರಲ್ಲದವರೂ ಸೇರಬಹುದು, ನಮ್ಮ ಗುಂಪಿನಲ್ಲಿ ಇದ್ದರು, ಬೈಬಲ್ ಭಾಗದಲ್ಲಿ ಅವರು ಕೇಳಿದ ಪ್ರಶ್ನೆಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಈಗಷ್ಟೇ ದೌರ್ಜನ್ಯದಿಂದ ಹೊರಬಂದವರಿಗೆ ಸದ್ಯಕ್ಕೆ ಬೇಡ ಅನ್ನುತ್ತೇನೆ. ನಿಮಗೆ ಬೇಕಿರುವುದು ಸುರಕ್ಷಿತ ಜಾಗ, ಒಳ್ಳೆಯ ಆಪ್ತಸಮಾಲೋಚಕರು, ವಕೀಲರು. ಕ್ಷಮಿಸಬೇಕೋ ಬೇಡವೋ ಅನ್ನುವುದನ್ನು ಗುಂಪಿನಲ್ಲಿ ಕೂತು ಬೇರೆಯವರ ಗಡಿಯಾರ ನೋಡಿ ತೀರ್ಮಾನಿಸುವ ಅಗತ್ಯ ನಿಮಗಿಲ್ಲ.

ಸೇರುವ ಮುಂಚೆ ನಡೆಸುವವರಿಗೆ ಒಂದು ಮೇಲ್ ಹಾಕಿ, ಎರಡು ಪ್ರಶ್ನೆ ಕೇಳಿ. ಗುಂಪಿನಲ್ಲಿ ಯಾರಾದರೂ ತಮ್ಮ ಮೇಲಾದ ದೌರ್ಜನ್ಯ ಹೇಳಿಕೊಂಡರೆ ನೀವು ಏನು ಮಾಡುತ್ತೀರಿ, ಲಿಖಿತ ನಿಯಮ ಇದೆಯಾ? ಲೈವ್ ಅಭ್ಯಾಸ ನಡೆಸುವವರು ನಿಜವಾದ ಮಧ್ಯಸ್ಥಿಕೆ ಮಾಡಿದವರಾ, ಅಥವಾ ಬರೀ ಪಾಠ ಹೇಳುವವರಾ? ಎರಡಕ್ಕೂ ನೇರ ಉತ್ತರ ಬಂದರೆ ದುಡ್ಡು ಕಟ್ಟಿ.